ಸಿನಿಮಾ ಮುಗಿದ ನಂತರದ ಅರ್ಧ ಗಂಟೆ

ಶನಿವಾರ ರಾತ್ರಿ. ಇಶಾ ನಮಾಝ್ ಮುಗಿದು ಊಟವೂ ಆಗಿದೆ. ನಾಳೆ ಶಾಲೆಗೆ ರಜೆ, ಆದರೆ ಬೆಳಗ್ಗೆ ಮದ್ರಸ ಇದೆ. ಮನೆಯ ದೊಡ್ಡ ಮಗ ಟಿವಿಯಲ್ಲಿ ಒಂದು ಕ್ರೈಮ್ ಸಿನಿಮಾ ಹಾಕುತ್ತಾನೆ. ಮಲಗಲು ಹೇಳಿದರೂ ಕೇಳದೆ ಎಂಟು ವರ್ಷದ ಮಗಳು ಉಮ್ಮನ ಪಕ್ಕದಲ್ಲಿ ಹೊದಿಕೆ ಹೊದ್ದು ಕುಳಿತಿದ್ದಾಳೆ. ಹನ್ನೆರಡೂವರೆಗೆ ಸಿನಿಮಾ ಮುಗಿಯುತ್ತದೆ. ಟಿವಿ ಆರಿಸಿ ಎಲ್ಲರೂ ಮಲಗಲು ಹೋಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಮಗಳು ಕತ್ತಲಲ್ಲಿ ಬಂದು ನಿಲ್ಲುತ್ತಾಳೆ. "ಉಮ್ಮಾ, ನಂಗೆ ನಿದ್ದೆ ಬರ್ತಾ ಇಲ್ಲ."

"ಅದೆಲ್ಲ ಸುಳ್ಳು, ಬರೀ ಸಿನಿಮಾ. ಹೋಗಿ ಮಲಕ್ಕೋ" ಎಂದು ನಾವು ಹೇಳುತ್ತೇವೆ. ಮಗು ಹೋಗಿ ಮಲಗುತ್ತದೆ. ಆದರೆ ನಿದ್ದೆ ಮಾಡುವುದಿಲ್ಲ. ನಿಜ ಹೇಳಬೇಕೆಂದರೆ ಆ ಹೊತ್ತಿನಲ್ಲಿ ನಿಮಗೂ ಬೇಗ ನಿದ್ದೆ ಹತ್ತುವುದಿಲ್ಲ. ಸಿನಿಮಾ ಪರದೆಯ ಮೇಲೆ ಮುಗಿದಿರುತ್ತದೆ, ದೇಹದಲ್ಲಿ ಮುಗಿದಿರುವುದಿಲ್ಲ. ಹೀಗೇಕೆ ಆಗುತ್ತದೆ, ಅದಕ್ಕೆ ಮನೆಯಲ್ಲಿ ಏನು ಮಾಡಬಹುದು ಎಂಬುದನ್ನು ಈ ಬಾರಿ ನೋಡೋಣ.

ದೇಹಕ್ಕೆ ಸಿನಿಮಾ ಎಂದು ಗೊತ್ತಿಲ್ಲ

ಪರದೆಯ ಮೇಲೆ ಕಾಣುವುದು ನಟನೆ ಎಂದು ನಿಮ್ಮ ಬುದ್ಧಿಗೆ ಚೆನ್ನಾಗಿ ಗೊತ್ತು. ಆದರೆ ಮೆದುಳಿನ ಒಳಭಾಗದಲ್ಲಿ ಅಮಿಗ್ಡಾಲ ಎಂಬ ಪುಟ್ಟ ಭಾಗವೊಂದಿದೆ. ಅಪಾಯದ ಸುಳಿವು ಸಿಕ್ಕೊಡನೆ ಎಚ್ಚರಿಕೆ ಕೊಡುವ ಕಾವಲುಗಾರ ಅದು. ಬುದ್ಧಿ ಯೋಚಿಸಿ ತೀರ್ಮಾನಕ್ಕೆ ಬರುವವರೆಗೆ ಅದು ಕಾಯುವುದಿಲ್ಲ. ಕತ್ತಲ ಮನೆಯಲ್ಲಿ ಬಾಗಿಲು ಕಿರ್ರೆಂದರೆ, ಪರದೆಯಲ್ಲಿ ಒಬ್ಬಳು ಚೀರಿದರೆ ಅದು ಕೂಡಲೇ ಕೆಲಸ ಆರಂಭಿಸುತ್ತದೆ.

ಆಗ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಎದೆಬಡಿತ ಜೋರಾಗುತ್ತದೆ. ರಕ್ತದೊತ್ತಡ ಸ್ವಲ್ಪ ಏರುತ್ತದೆ. ಅಂಗೈ ಬೆವರುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಜೀರ್ಣಕ್ರಿಯೆ ನಿಧಾನವಾಗುತ್ತದೆ. ಇದರ ಬೆನ್ನಿಗೇ ಕಾರ್ಟಿಸೋಲ್ ಎಂಬ ಇನ್ನೊಂದು ಹಾರ್ಮೋನು ದೇಹವನ್ನು ಎಚ್ಚರದಲ್ಲಿಡುತ್ತದೆ. ಇದೆಲ್ಲ ಓಡಲು ಅಥವಾ ಹೋರಾಡಲು ದೇಹ ಮಾಡಿಕೊಳ್ಳುವ ಸಿದ್ಧತೆ. ಹಾವನ್ನು ಕಂಡು ಓಡಿದರೆ ಆ ಶಕ್ತಿ ಖರ್ಚಾಗುತ್ತದೆ. ಸಿನಿಮಾ ನೋಡುವಾಗ ನಾವು ಓಡುವುದಿಲ್ಲ, ಸೋಫಾದಲ್ಲಿ ಅಲುಗಾಡದೆ ಕುಳಿತಿರುತ್ತೇವೆ. ಎಬ್ಬಿಸಿದ ಶಕ್ತಿ ಖರ್ಚಾಗದೆ ಒಳಗೇ ಉಳಿಯುತ್ತದೆ.

ಇದು ರೋಗವಲ್ಲ. ಆರೋಗ್ಯವಂತ ದೊಡ್ಡವರಿಗೆ ಅಪರೂಪಕ್ಕೊಮ್ಮೆ ಇಂತಹ ಸಿನಿಮಾ ನೋಡುವುದರಿಂದ ಹಾನಿಯೂ ಇಲ್ಲ. ಸುರಕ್ಷಿತ ಜಾಗದಲ್ಲಿ ಕುಳಿತು ಹೆದರುವುದರಲ್ಲಿ ಒಂದು ಬಗೆಯ ಖುಷಿಯಿದೆ. ಆದರೆ ಎದ್ದುನಿಂತ ದೇಹವನ್ನು ಮತ್ತೆ ಕೂರಿಸಲು ಸ್ವಲ್ಪ ಸಮಯ ಬೇಕು ಎಂಬುದನ್ನು ನಾವು ಮರೆಯುತ್ತೇವೆ.

ಕುತೂಹಲ ನಮ್ಮನ್ನು ಹಿಡಿದಿಡುವುದು ಹೇಗೆ?

ಹಾಲಿವುಡ್‌ನ ಹೆಸರಾಂತ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಇದನ್ನು ಒಂದು ಸರಳ ಉದಾಹರಣೆಯಿಂದ ವಿವರಿಸುತ್ತಿದ್ದರು. ಇಬ್ಬರು ಮೇಜಿನ ಬಳಿ ಕುಳಿತು ಮಾತನಾಡುತ್ತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗೆ ಬಾಂಬ್ ಸಿಡಿದರೆ ನೋಡುವವರು ಕೆಲವು ಕ್ಷಣ ಬೆಚ್ಚಿಬೀಳುತ್ತಾರೆ, ಅಷ್ಟೇ. ಆದರೆ ಬಾಂಬ್ ಇರುವುದನ್ನು ಮೊದಲೇ ತೋರಿಸಿ, ಮಾತನಾಡುವವರಿಗೆ ಮಾತ್ರ ಅದು ಗೊತ್ತಿಲ್ಲದಂತೆ ಇಟ್ಟರೆ, ಅದೇ ಸಾಧಾರಣ ಮಾತುಕತೆಯನ್ನು ನಾವು ಹದಿನೈದು ನಿಮಿಷ ಉಸಿರು ಬಿಗಿಹಿಡಿದು ನೋಡುತ್ತೇವೆ.

ನಮ್ಮಲ್ಲಿ ಬಹಳ ಮನೆಗಳಲ್ಲಿ ನೋಡಿರುವ 'ದೃಶ್ಯಂ' ಇದಕ್ಕೆ ಒಳ್ಳೆಯ ಉದಾಹರಣೆ. ಜೀತು ಜೋಸೆಫ್ ನಿರ್ದೇಶನದ, ಮೋಹನ್‌ಲಾಲ್ ನಟಿಸಿದ ಈ ಮಲಯಾಳಂ ಸಿನಿಮಾ 2013ರಲ್ಲಿ ಬಂತು. 2014ರಲ್ಲಿ ರವಿಚಂದ್ರನ್ ನಟಿಸಿದ 'ದೃಶ್ಯ'ವಾಗಿ ಕನ್ನಡಕ್ಕೆ ಬಂತು. 2015ರಲ್ಲಿ ಅಜಯ್ ದೇವಗನ್ ನಟಿಸಿದ ಹಿಂದಿ ಸಿನಿಮಾ ತೆರೆಕಂಡಿತು. ಹೆಚ್ಚು ಓದಿರದ, ಕೇಬಲ್ ಟಿವಿ ನಡೆಸುವ ಒಬ್ಬ ಸಾಮಾನ್ಯ ಮನುಷ್ಯ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಮನೆಯಲ್ಲಿ ಆಗಬಾರದ್ದೊಂದು ಆಗಿಹೋಗುತ್ತದೆ. ಏನಾಯಿತು ಎಂದು ನಮಗೆ ಗೊತ್ತು, ಪೊಲೀಸರಿಗೆ ಗೊತ್ತಿಲ್ಲ. ಇಲ್ಲಿ ಮೇಜಿನ ಕೆಳಗಿನ ಬಾಂಬ್ ಎಂದರೆ ಆ ಗುಟ್ಟು. ಪೊಲೀಸರು ಪ್ರಶ್ನೆ ಕೇಳಿದಾಗಲೆಲ್ಲ, ಆ ಮಕ್ಕಳು ಬಾಯಿ ತೆರೆದಾಗಲೆಲ್ಲ ನಮ್ಮ ಎದೆ ಹೊಡೆದುಕೊಳ್ಳುತ್ತದೆ. ಎರಡೂವರೆ ಗಂಟೆಗೂ ಹೆಚ್ಚಿನ ಈ ಸಿನಿಮಾದ ಬಹುಭಾಗವನ್ನು ನಾವು ಆ ಬಿಗಿತದಲ್ಲೇ ಕಳೆಯುತ್ತೇವೆ. ಚಿತ್ರಮಂದಿರದಲ್ಲಾದರೆ ಮಧ್ಯಂತರ ಇರುತ್ತದೆ, ಮುಗಿದ ಮೇಲೆ ನಡೆದೋ ಬಸ್ಸಿನಲ್ಲೋ ಮನೆಗೆ ಬರುವ ದಾರಿಯೂ ಇರುತ್ತದೆ. ಮನೆಯಲ್ಲಿ ಈ ಎರಡೂ ಇಲ್ಲ. ಸೋಫಾದಿಂದ ಎದ್ದರೆ ನೇರ ಹಾಸಿಗೆ.

ಉಳಿದುಹೋದ ಕಾವು

ಒಲೆ ಆರಿಸಿದ ಕೂಡಲೇ ಹೆಂಚು ತಣ್ಣಗಾಗುವುದಿಲ್ಲ. ದೇಹವೂ ಹಾಗೆಯೇ. ಮನಃಶಾಸ್ತ್ರಜ್ಞ ಡಾಲ್ಫ್ ಝಿಲ್‌ಮನ್ ಈ ಬಗ್ಗೆ ಅಧ್ಯಯನ ಮಾಡಿದವರು. ಒಂದು ಕಾರಣದಿಂದ ಎದ್ದ ಉದ್ವೇಗ ಪೂರ್ತಿ ಇಳಿಯುವ ಮೊದಲೇ ಇನ್ನೊಂದು ವಿಷಯ ಎದುರಾದರೆ, ಹಳೆಯ ಕಾವು ಹೊಸ ವಿಷಯಕ್ಕೆ ಹೋಗಿ ಸೇರುತ್ತದೆ ಎಂಬುದು ಅವರ ವಿವರಣೆಯ ಸಾರ. ಕ್ರೈಮ್ ಸಿನಿಮಾ ಮುಗಿದ ಮೇಲೆ, ಅಡುಗೆಮನೆಯಲ್ಲಿ ತೊಳೆಯದೆ ಉಳಿದ ಪಾತ್ರೆಗಾಗಿ ಗಂಡ ಹೆಂಡತಿಯ ನಡುವೆ ಮಾತು ಬೆಳೆದರೆ, ಅದರಲ್ಲಿ ಸಿನಿಮಾದ ಪಾಲೂ ಇರಬಹುದು. ಮಗು ನೀರು ಚೆಲ್ಲಿದ್ದಕ್ಕೆ ಎಂದಿಗಿಂತ ಜೋರಾಗಿ ಗದರಿದರೆ, ಅದರಲ್ಲಿಯೂ ಇರಬಹುದು. ಇದು ಗೊತ್ತಿದ್ದರೆ ಒಂದು ಗಳಿಗೆ ಸುಮ್ಮನಿರಲು ಸುಲಭ.

ನಿದ್ದೆಯ ಮೇಲಿನ ಪರಿಣಾಮ ಇನ್ನೂ ನೇರ. ನಿದ್ದೆ ಬರಬೇಕಾದರೆ ಎದೆಬಡಿತ ನಿಧಾನವಾಗಬೇಕು, ದೇಹ ತುಸು ತಂಪಾಗಬೇಕು, ಮೆಲಟೋನಿನ್ ಎಂಬ ಹಾರ್ಮೋನು ಏರಬೇಕು. ಸಿನಿಮಾ ಎದೆಬಡಿತವನ್ನು ಏರಿಸುತ್ತದೆ, ಕಣ್ಣಿಗೆ ಬೀಳುವ ಪ್ರಖರ ಬೆಳಕು ಮೆಲಟೋನಿನ್‌ಗೆ ತಡೆಯಾಗುತ್ತದೆ. ಮುಖಕ್ಕೆ ಹತ್ತಿರ ಹಿಡಿದು ಮೊಬೈಲಿನಲ್ಲಿ ನೋಡುವವರಿಗೆ ಈ ತೊಂದರೆ ಹೆಚ್ಚು. ಮಧ್ಯದಲ್ಲಿ ಒಂದು ಲೋಟ ಚಹಾ ಕುಡಿದರಂತೂ ಮುಗಿಯಿತು. ಕುಡಿದ ಕೆಫೀನಿನ ಅರ್ಧ ಭಾಗ ದೇಹದಿಂದ ಹೋಗಲು ಸುಮಾರು ಐದು ಗಂಟೆ ಬೇಕು.

6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ, ದೊಡ್ಡವರಿಗೆ ಕನಿಷ್ಠ 7 ಗಂಟೆ ನಿದ್ದೆ ಬೇಕು ಎಂದು ನಿದ್ರಾ ತಜ್ಞರು ಹೇಳುತ್ತಾರೆ. ಒಂದು ಗಂಟೆಗೆ ಮಲಗಿ ಫಜ್ರ್‌ಗೆ ಎದ್ದರೆ ಎಷ್ಟು ಗಂಟೆಯಾಯಿತು ಎಂದು ನೀವೇ ಲೆಕ್ಕ ಹಾಕಿ. ಇಶಾದ ಬಳಿಕ ಅನಗತ್ಯ ಮಾತಿನಲ್ಲಿ ಕಾಲ ಕಳೆಯುವುದನ್ನು ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ ಎಂಬುದನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಬೆಳಗ್ಗೆ ಬೇಗ ಏಳಬೇಕಾದ ಮನೆಗೆ ಆರೋಗ್ಯದ ದೃಷ್ಟಿಯಿಂದಲೂ ಅದು ಒಳ್ಳೆಯ ರೂಢಿ. ರಮಝಾನ್‌ನಲ್ಲಿ ತರಾವೀಹ್ ಮುಗಿಸಿ ಬಂದು ಸಹರಿಯವರೆಗೆ ಒಂದರ ಮೇಲೊಂದು ಕಂತು ನೋಡುವ ಹುಡುಗರಿಗೆ ಹಗಲಿನ ತಲೆನೋವು, ಸಿಡುಕು ಬರುವುದು ಉಪವಾಸದಿಂದ ಮಾತ್ರವಲ್ಲ. ನಿದ್ದೆಗೇಡೂ ಅದಕ್ಕೆ ಕಾರಣ.

ಮಗು ನೋಡುವ ಸಿನಿಮಾ ಬೇರೆ

ಒಂದೇ ಸೋಫಾದಲ್ಲಿ ಕುಳಿತರೂ ನೀವು ನೋಡುವ ಸಿನಿಮಾ ಬೇರೆ, ಮಗು ನೋಡುವ ಸಿನಿಮಾ ಬೇರೆ. ಸುಮಾರು ಏಳು ವರ್ಷದೊಳಗಿನ ಮಕ್ಕಳು ಕಣ್ಣಿಗೆ ಕಾಣುವುದಕ್ಕೆ ಹೆದರುತ್ತಾರೆ. ರಕ್ತ, ವಿಕಾರವಾದ ಮುಖ, ಕತ್ತಲು, ಜೋರಾದ ಸದ್ದು. ಅವರಿಗೆ ಕಥೆ ಅರ್ಥವಾಗುವುದಿಲ್ಲ, ಚಿತ್ರ ಮಾತ್ರ ಉಳಿಯುತ್ತದೆ. "ಅದು ಸುಳ್ಳು" ಎಂಬ ನಮ್ಮ ಮಾತು ಈ ವಯಸ್ಸಿನಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಸುಳ್ಳು ಮತ್ತು ನಿಜದ ನಡುವಿನ ಗೆರೆ ಅವರಿಗಿನ್ನೂ ಗಟ್ಟಿಯಾಗಿರುವುದಿಲ್ಲ.

ಎಂಟರಿಂದ ಹನ್ನೆರಡರವರು ಬೇರೆ ರೀತಿ ಹೆದರುತ್ತಾರೆ. ದೆವ್ವ ಭೂತದ ಭಯ ಅವರಿಗೆ ಕಡಿಮೆಯಾಗಿರುತ್ತದೆ. ನಿಜವಾಗಿ ನಡೆಯಬಹುದಾದದ್ದರ ಭಯ ಹೆಚ್ಚುತ್ತದೆ. ಕಳ್ಳ, ಅಪಹರಣ, ತಂದೆತಾಯಿಗೆ ಏನಾದರೂ ಆಗುವುದು. 'ದೃಶ್ಯಂ'ನಲ್ಲಿ ವಿಚಾರಣೆಯ ವೇಳೆ ಪುಟ್ಟ ಹುಡುಗಿಗೆ ಏಟು ಬೀಳುತ್ತದೆ. ನಿಮಗೆ ಅದು ಕಥೆಯ ತಿರುವು. ಅದೇ ವಯಸ್ಸಿನ ನಿಮ್ಮ ಮಗಳಿಗೆ ಅದು "ಪೊಲೀಸರು ನಮ್ಮ ಮನೆಗೂ ಬರಬಹುದು" ಎಂಬ ಭಯ. ಕ್ರೈಮ್ ಸಿನಿಮಾದಲ್ಲಿ ಮಾಯಾಜಾಲ ಇರುವುದಿಲ್ಲ. ನಮ್ಮಂತಹದೇ ಮನೆ, ನಮ್ಮಂತಹದೇ ಬೀದಿ ಇರುತ್ತದೆ. ಈ ವಯಸ್ಸಿನ ಮಕ್ಕಳಿಗೆ ಅದು ಹೆಚ್ಚು ತಾಗುವುದು ಇದೇ ಕಾರಣಕ್ಕೆ.

ದೊಡ್ಡವರ ಬಗ್ಗೆಯೂ ಒಂದು ಮಾತು. ಹಗಲು ಒಬ್ಬರೇ ಮನೆಯಲ್ಲಿರುವ ಹಿರಿಯರು ಕೆಲವರು ದಿನವೂ ಅಪರಾಧದ ಕಾರ್ಯಕ್ರಮಗಳನ್ನೇ ನೋಡುತ್ತಾರೆ. ಅಮೆರಿಕದ ಸಂವಹನ ತಜ್ಞ ಜಾರ್ಜ್ ಗರ್ಬ್ನರ್ 1970ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಟಿವಿಯ ಮುಂದೆ ಹೆಚ್ಚು ಹೊತ್ತು ಕಳೆಯುವವರಿಗೆ ಲೋಕ ಇರುವುದಕ್ಕಿಂತ ಹೆಚ್ಚು ಕೆಟ್ಟದಾಗಿ, ಅಪಾಯಕರವಾಗಿ ಕಾಣುತ್ತದೆ ಎಂದು ಅವರು ಹೇಳಿದರು. ಅಜ್ಜಿ ಹಗಲಲ್ಲೇ ಚಿಲಕ ಹಾಕಿಕೊಂಡು ಕೂರುತ್ತಿದ್ದರೆ, ನೆರೆಮನೆಯವರನ್ನೂ ಸಂಶಯದಿಂದ ನೋಡುತ್ತಿದ್ದರೆ, ಅವರು ದಿನವಿಡೀ ಏನು ನೋಡುತ್ತಿದ್ದಾರೆ ಎಂದು ಒಮ್ಮೆ ವಿಚಾರಿಸಿ. ಅವರ ರಿಮೋಟ್ ಕಿತ್ತುಕೊಳ್ಳಬೇಡಿ. ಸಂಜೆ ಒಂದು ಗಂಟೆ ಅವರ ಜೊತೆ ಕುಳಿತುಕೊಳ್ಳಿ.

ಹಾಕುವ ಮೊದಲು

ಕೆಲವು ಸಣ್ಣ ಸಿದ್ಧತೆಗಳಿಂದ ತೊಂದರೆಯ ದೊಡ್ಡ ಭಾಗ ಕಡಿಮೆಯಾಗುತ್ತದೆ.

ಮೊದಲನೆಯದು, ಪ್ರಮಾಣಪತ್ರ ನೋಡುವುದು. ಚಿತ್ರಮಂದಿರದ ಸಿನಿಮಾಗಳಿಗೆ ಸೆನ್ಸಾರ್ ಮಂಡಳಿ 'ಯು', 'ಯುಎ', 'ಎ' ಎಂಬ ಪ್ರಮಾಣಪತ್ರ ಕೊಡುವುದು ನಿಮಗೆ ಗೊತ್ತು. 2024ರಿಂದ 'ಯುಎ'ಯನ್ನು 7, 13 ಮತ್ತು 16 ವರ್ಷ ಮೇಲ್ಪಟ್ಟವರಿಗೆ ಎಂದು ಮೂರಾಗಿ ವಿಂಗಡಿಸಲಾಗಿದೆ. ಮೊಬೈಲ್ ಮತ್ತು ಟಿವಿಯಲ್ಲಿ ನೋಡುವ ಒಟಿಟಿಗಳಿಗೂ 2021ರ ನಿಯಮಗಳಂತೆ ಇದೇ ರೀತಿಯ ವರ್ಗೀಕರಣ ಇದೆ. 13 ವರ್ಷ ಮತ್ತು ಅದಕ್ಕಿಂತ ಮೇಲಿನ ವರ್ಗದ ಸಿನಿಮಾಗಳಿಗೆ ಪೋಷಕರು ಬೀಗ ಹಾಕುವ ಸೌಲಭ್ಯವನ್ನು ಅವು ಕೊಡಲೇಬೇಕು. ಸೆಟ್ಟಿಂಗ್ಸ್‌ಗೆ ಹೋಗಿ ನಾಲ್ಕು ಅಂಕಿಯ ಪಿನ್ ಹಾಕಲು ಐದು ನಿಮಿಷ ಸಾಕು. ಅಲ್ಲಿಯೇ, ಮುಂದಿನ ಕಂತು ತಾನಾಗಿ ಶುರುವಾಗುವುದನ್ನೂ ನಿಲ್ಲಿಸಿ.

ಎರಡನೆಯದು, ಹೊತ್ತು. ರಾತ್ರಿ ಹತ್ತಕ್ಕೆ ಆರಂಭಿಸುವ ಬದಲು ರಜೆಯ ದಿನ ಅಸರ್‌ಗೆ ಮೊದಲೇ ನೋಡಿ ಮುಗಿಸಿ. ರಾತ್ರಿಯೇ ನೋಡಬೇಕೆಂದಿದ್ದರೆ ಎರಡು ದಿನಕ್ಕೆ ಹಂಚಿಕೊಳ್ಳಿ. ಮಲಗುವ ಹೊತ್ತಿಗೂ ಸಿನಿಮಾ ಮುಗಿಯುವ ಹೊತ್ತಿಗೂ ಒಂದು ಗಂಟೆಯ ಅಂತರವಿರಲಿ.

ಮೂರನೆಯದು, ಬೆಳಕು ಮತ್ತು ಸದ್ದು. ಕೋಣೆಯಲ್ಲಿ ಒಂದು ದೀಪ ಉರಿಯುತ್ತಿರಲಿ. ಹೆದರಿಸುವ ಕೆಲಸದಲ್ಲಿ ಸದ್ದಿನ ಪಾಲೂ ದೊಡ್ಡದಿರುತ್ತದೆ. ನಂಬಿಕೆಯಾಗದಿದ್ದರೆ ಒಂದು ಭಯಾನಕ ದೃಶ್ಯವನ್ನು ಸದ್ದು ನಿಲ್ಲಿಸಿ ನೋಡಿ. ಸದ್ದು ತಗ್ಗಿಸಿದರೆ ಎದೆಬಡಿತವೂ ತಗ್ಗುತ್ತದೆ.

ನಾಲ್ಕನೆಯದು, ಮಧ್ಯಂತರ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸಿ, ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ, ಕಿಟಕಿಯಾಚೆ ದೂರಕ್ಕೆ ನೋಡಿ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆ, ಕಣ್ಣು ಉರಿಯುವುದಕ್ಕೆ ಅದೇ ಮುಖ್ಯ ಕಾರಣ. ಚಿಪ್ಸ್, ಮಿಕ್ಸ್ಚರ್ ಪೊಟ್ಟಣವನ್ನು ಹಾಗೆಯೇ ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಕಥೆಯಲ್ಲಿ ಮುಳುಗಿದವರಿಗೆ ಹೊಟ್ಟೆ ತುಂಬಿದ್ದೇ ಗೊತ್ತಾಗುವುದಿಲ್ಲ. ಒಂದು ಬಟ್ಟಲಿಗೆ ಹಾಕಿಕೊಂಡು, ಅಷ್ಟಕ್ಕೇ ನಿಲ್ಲಿಸಿ.

ಮೂರ್ಛೆರೋಗ ಇರುವವರು ಮನೆಯಲ್ಲಿದ್ದರೆ ಜಾಗ್ರತೆ. ಅವರಲ್ಲಿ ಕೆಲವರಿಗೆ ಪಕಪಕನೆ ಮಿನುಗುವ ಬೆಳಕಿನಿಂದ ಫಿಟ್ಸ್ ಬರಬಹುದು. ಅವರು ಟಿವಿಯಿಂದ ದೂರ, ದೀಪವಿರುವ ಕೋಣೆಯಲ್ಲಿ ಕೂರಬೇಕು. ಹೃದ್ರೋಗ ಅಥವಾ ಬಿಪಿ ಇರುವವರು ರಾತ್ರಿಯ ಮಾತ್ರೆಯನ್ನು ಸಿನಿಮಾಕ್ಕಾಗಿ ಮುಂದೂಡಬಾರದು. ಎದೆನೋವು, ಉಸಿರಾಟದ ಕಷ್ಟ, ತಣ್ಣನೆಯ ಬೆವರು ಕಂಡರೆ "ಸಿನಿಮಾದ ಗಾಬರಿ" ಎಂದು ಸುಮ್ಮನಿರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.

ಇನ್ನು ಪುಟ್ಟ ಮಕ್ಕಳು. ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದರಲ್ಲಿ ಕ್ರೈಮ್ ಸಿನಿಮಾಕ್ಕೆ ಜಾಗವೇ ಇಲ್ಲ. "ಅದಕ್ಕೇನು ಅರ್ಥವಾಗುತ್ತದೆ" ಎಂದು ಮಡಿಲಲ್ಲಿ ಕೂರಿಸಿಕೊಂಡು ನೋಡಬೇಡಿ. ಅರ್ಥವಾಗದಿದ್ದರೂ ಚೀರಾಟ ಕೇಳಿಸುತ್ತದೆ.

ಟಿವಿ ಆರಿಸಿದ ಮೇಲೆ

ಈಗ ಆ ಅರ್ಧ ಗಂಟೆಗೆ ಬರೋಣ. ಟಿವಿ ಆರಿಸಿದ ಕೂಡಲೇ ಹಾಸಿಗೆಗೆ ಹೋಗಬೇಡಿ, ಮೊಬೈಲ್ ತೆಗೆಯಬೇಡಿ. ಮನೆಯ ದೀಪಗಳನ್ನು ಹಾಕಿ. ಲೋಟ, ತಟ್ಟೆ ಎತ್ತಿಡಿ, ಕಸ ಗುಡಿಸಿ. ಒಳಗೆ ಉಳಿದ ಶಕ್ತಿಗೆ ಇಂತಹ ಸಣ್ಣ ಕೆಲಸವೇ ದಾರಿ. ವುಝೂ ಮಾಡಿ ಮಲಗುವ ರೂಢಿ ಇರುವವರಿಗೆ ಮುಖಕ್ಕೆ ಬೀಳುವ ತಣ್ಣೀರು, ನಿಧಾನವಾಗಿ ಹೇಳಿಕೊಳ್ಳುವ ದುಆ ದೇಹವನ್ನು ಇಳಿಸಲು ಸಹಾಯವಾಗುತ್ತದೆ. ಮೂಗಿನಿಂದ ಉಸಿರೆಳೆದುಕೊಂಡು, ಎಳೆದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹೊರಬಿಡುತ್ತ ಹತ್ತು ಸಲ ಉಸಿರಾಡಿದರೆ ಎದೆಬಡಿತ ಕೆಳಗಿಳಿಯುತ್ತದೆ.

ಹೆದರಿದ ಪುಟ್ಟ ಮಗುವಿಗೆ ವಿವರಣೆ ಬೇಡ. ಎತ್ತಿಕೊಳ್ಳಿ, ನೀರು ಕುಡಿಸಿ, ಚಿಲಕ ಹಾಕಿರುವುದನ್ನು ಜೊತೆಗೇ ಹೋಗಿ ತೋರಿಸಿ, ಸಣ್ಣ ದೀಪವೊಂದನ್ನು ಉಳಿಸಿ. ಎಂಟು ವರ್ಷ ಮೇಲ್ಪಟ್ಟವರೊಂದಿಗೆ ಮಾತನಾಡಿ. "ಯಾವ ಜಾಗದಲ್ಲಿ ಹೆದರಿಕೆ ಆಯ್ತು?" ಎಂದು ಕೇಳಿ. ಉತ್ತರ ನೀವು ಊಹಿಸಿದ್ದಾಗಿರುವುದಿಲ್ಲ. ನಗಬೇಡಿ, ಅಣ್ಣನೂ ನಗದಂತೆ ನೋಡಿಕೊಳ್ಳಿ. "ಗಂಡುಮಗ ಹೆದರಬಾರದು" ಎಂಬ ಮಾತು ಭಯವನ್ನು ಕಡಿಮೆ ಮಾಡುವುದಿಲ್ಲ, ಹೇಳುವುದನ್ನು ಮಾತ್ರ ನಿಲ್ಲಿಸುತ್ತದೆ. ಒಂದೆರಡು ರಾತ್ರಿ ನಿದ್ದೆ ಕೆಡುವುದು ಸಹಜ. ಭಯ ವಾರಗಟ್ಟಲೆ ಮುಂದುವರಿದರೆ, ಮಗು ಹಾಸಿಗೆ ಒದ್ದೆ ಮಾಡಲು ಶುರುಮಾಡಿದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಟೆಲಿ ಮನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಹಣವಿಲ್ಲದೆ ಕರೆ ಮಾಡಬಹುದು.

ಮಗಳು ಹೇಳದೆ ಉಳಿಸಿಕೊಂಡ ಮಾತು

ಹದಿಹರೆಯದ ಮಕ್ಕಳಿರುವ ಮನೆಗೆ ಈ ಅರ್ಧ ಗಂಟೆ ಇನ್ನೂ ಒಂದು ಕಾರಣಕ್ಕೆ ಬೆಲೆಯುಳ್ಳದ್ದು. ಸಿನಿಮಾದ ಕೊನೆಯನ್ನು ಇಲ್ಲಿ ಹೇಳುವುದಿಲ್ಲ, ನೋಡದವರು ಇರಬಹುದು. ಆದರೆ 'ದೃಶ್ಯಂ'ನ ದುರಂತ ಆರಂಭವಾಗುವುದು ಒಂದು ಮೊಬೈಲಿನಿಂದ. ಒಬ್ಬ ಹುಡುಗ ಆ ಮನೆಯ ದೊಡ್ಡ ಮಗಳ ವಿಡಿಯೋವನ್ನು ಕದ್ದು ಚಿತ್ರೀಕರಿಸಿ ಬೆದರಿಸುತ್ತಾನೆ. ವಿಷಯ ತಂದೆಯ ಕಿವಿಗೆ ಬೀಳುವ ಹೊತ್ತಿಗೆ ಒಂದು ಸಾವು ಆಗಿಹೋಗಿರುತ್ತದೆ. ಅಲ್ಲಿಂದ ಮುಂದಿನದು ತಂದೆಯ ಜಾಣತನದ ಕಥೆ. ನಾವೆಲ್ಲ ಆ ಜಾಣತನಕ್ಕೆ ಚಪ್ಪಾಳೆ ತಟ್ಟುತ್ತೇವೆ. ಪಕ್ಕದಲ್ಲಿ ಕುಳಿತ ಹದಿನೈದರ ಮಗಳು ಇದರಿಂದ ಏನು ಕಲಿಯುತ್ತಾಳೆ? ಇಂತಹದ್ದು ನಡೆದರೆ ಮನೆಯ ಮರ್ಯಾದೆ ಹೋಗುತ್ತದೆ, ಯಾರಿಗೂ ತಿಳಿಯದಂತೆ ಮುಚ್ಚಿಡಬೇಕು ಎಂದು ಕಲಿಯಬಹುದು. ಬೆದರಿಸುವವನು ಬಯಸುವುದೂ ಅದನ್ನೇ.

ಆ ರಾತ್ರಿಯೇ, ಯಾರನ್ನೂ ಗುರಿಮಾಡದೆ, ಒಂದು ಮಾತು ಹೇಳಿ. "ನಿನಗೆ ಯಾವತ್ತಾದರೂ ಹೀಗೆ ಆದರೆ ಮೊದಲು ನಮ್ಮ ಹತ್ತಿರ ಬಾ. ನಾವು ಬೈಯುವುದಿಲ್ಲ, ತಪ್ಪು ನಿನ್ನದಲ್ಲ." ಗಂಡುಮಕ್ಕಳಿಗೂ ಹೇಳಿ. ಅವರೂ ಇಂತಹ ಬೆದರಿಕೆಗೆ ಒಳಗಾಗುತ್ತಾರೆ. ಇನ್ನೊಬ್ಬರ ವಿಡಿಯೋ ಕದ್ದು ತೆಗೆಯುವುದು ಆಟವಲ್ಲ ಎಂಬುದೂ ಅವರಿಗೆ ಗೊತ್ತಿರಬೇಕು. ಹೆಣ್ಣೊಬ್ಬಳ ಖಾಸಗಿ ಕ್ಷಣಗಳನ್ನು ಅವಳ ಒಪ್ಪಿಗೆಯಿಲ್ಲದೆ ಚಿತ್ರೀಕರಿಸುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನಂತೆ ಅಪರಾಧ. ಹದಿನೆಂಟರೊಳಗಿನವರ ವಿಷಯದಲ್ಲಿ 2012ರ ಪೋಕ್ಸೋ ಕಾಯ್ದೆಯೂ ಇದೆ.

ನಿಜವಾಗಿ ಹಾಗಾದರೆ ಹಣ ಕೊಡಬೇಡಿ, ಒಬ್ಬರೇ ಹೋಗಿ ಅವನನ್ನು ಭೇಟಿಯಾಗಬೇಡಿ, ಬಂದ ಸಂದೇಶಗಳನ್ನು ಅಳಿಸಬೇಡಿ. ಅವೇ ಸಾಕ್ಷಿ. ಸೈಬರ್ ಅಪರಾಧಗಳಿಗೆ 1930, ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಮಹಿಳೆಯರು ಮತ್ತು ಮಕ್ಕಳ ಮೇಲಿನ ಇಂತಹ ಅಪರಾಧಗಳನ್ನು ಕೇಂದ್ರ ಸರ್ಕಾರದ ಸೈಬರ್ ಕ್ರೈಮ್ ಜಾಲತಾಣದಲ್ಲಿ ಹೆಸರು ಹೇಳದೆಯೂ ದಾಖಲಿಸಬಹುದು. ಈ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ.

ಒಳ್ಳೆಯ ಸಿನಿಮಾ ಎರಡೂವರೆ ಗಂಟೆ ನಮ್ಮೆಲ್ಲರನ್ನೂ ಒಂದೇ ಕಡೆ ಮೌನವಾಗಿ ಕೂರಿಸುತ್ತದೆ. ಈಗಿನ ಮನೆಗಳಲ್ಲಿ ಹಾಗೆ ಎಲ್ಲರೂ ಒಟ್ಟಿಗೆ ಕೂರುವುದೇ ಅಪರೂಪ. ಮುಗಿದ ಕೂಡಲೇ ಎದ್ದು ತಂತಮ್ಮ ಕೋಣೆಗೆ ಹೋಗಿಬಿಟ್ಟರೆ ಪ್ರತಿಯೊಬ್ಬರೂ ತಮ್ಮ ಭಯವನ್ನು ಒಬ್ಬರೇ ಹೊತ್ತುಕೊಂಡು ಹೋಗುತ್ತಾರೆ. ಮುಂದಿನ ಸಲ ಟಿವಿ ಆರಿಸಿದ ಮೇಲೆ ದೀಪ ಹಾಕಿ, ಅರ್ಧ ಗಂಟೆ ಅಲ್ಲೇ ಕುಳಿತಿರಿ. ಕತ್ತಲಲ್ಲಿ ಬಂದು ನಿಲ್ಲಬೇಕಾಗಿದ್ದ ಮಗಳು ಬೆಳಕಲ್ಲೇ ತನ್ನ ಮಾತು ಹೇಳಲಿ.